‘ಸ್ಟಾಕ್ ಇಲ್ಲ’ ಅನ್ನುವ ಸುಳ್ಳಿಗೆ ಒಂದೂವರೆ ಸ್ಟಾರ್ ಕಟ್

ನಾನು ಮನೆ ಸಾಮಾನು ತರಿಸುವ ಆನ್‌ಲೈನ್ ಅಂಗಡಿಯ ರಿವ್ಯೂ ಇದು. ಹೆಸರು ಬೇಡ. ಡೆಲಿವರಿ ಚೆನ್ನಾಗಿದೆ. ಪ್ಯಾಕಿಂಗ್‌ಗೂ ಹೆಸರಿಡುವ ಹಾಗಿಲ್ಲ. ವಾಪಸ್ ಕಳಿಸಿದರೆ ದುಡ್ಡು ತಕರಾರಿಲ್ಲದೆ ಬರುತ್ತದೆ. ಇಷ್ಟಕ್ಕೆ ನಾಲ್ಕು ಸ್ಟಾರ್ ಧಾರಾಳವಾಗಿ ಕೊಡಬಹುದಿತ್ತು. ಕೊಟ್ಟಿರುವುದು ಎರಡೂವರೆ. ಉಳಿದ ಒಂದೂವರೆ ಹೋಗಿದ್ದು ಒಂದು ಶಾಂಪೂ ವಿಷಯಕ್ಕೆ.

ಆ ಶಾಂಪೂ ಮಾಡುವ ಕಂಪನಿಯ ಮೇಲೆ ಜನ ಸಿಟ್ಟಾಗಿ ಬಹಿಷ್ಕಾರಕ್ಕೆ ಕರೆ ಕೊಟ್ಟಿದ್ದರು. ಸಿಟ್ಟು ಸರಿಯೋ ತಪ್ಪೋ ಅನ್ನುವುದು ಬೇರೆ ಮಾತು. ಸ್ವಲ್ಪ ದಿನಕ್ಕೆ ಅಂಗಡಿಯಲ್ಲಿ ಆ ಕಂಪನಿಯ ಎಲ್ಲ ಮಾಲಿನ ಮೇಲೂ ‘ಸದ್ಯಕ್ಕೆ ಸ್ಟಾಕ್ ಇಲ್ಲ’ ಅಂತ ಬಂತು. ಪಕ್ಕದಲ್ಲೇ ‘ಬಂದಾಗ ತಿಳಿಸಿ’ ಅನ್ನುವ ಬಟನ್. ಒತ್ತಿ ಕಾದೆ. ಬೇರೆಲ್ಲ ಕಡೆ ಅದೇ ಶಾಂಪೂ ಬೇಕಾದಷ್ಟು ಸಿಗುತ್ತಿತ್ತು. ಕಸ್ಟಮರ್ ಕೇರ್‌ನವರನ್ನು ಚಾಟ್‌ನಲ್ಲಿ ಬಿಡದೆ ಕೇಳಿದ ಮೇಲೆ ನಿಜ ಹೊರಗೆ ಬಂತು: ಆ ಬ್ರ್ಯಾಂಡ್ ತರಿಸುವುದನ್ನೇ ನಿಲ್ಲಿಸಿದ್ದಾರಂತೆ, ಮೇಲಿನವರ ತೀರ್ಮಾನವಂತೆ.

ತರಿಸುವುದು ಬಿಡುವುದು ಅವರಿಷ್ಟ. ಇದರಲ್ಲಿ ನನಗೆ ಯಾವ ಗೊಂದಲವೂ ಇಲ್ಲ. ಶೆಲ್ಫ್ ಅವರದು, ಬಂಡವಾಳ ಅವರದು, ‘ನಾನು ಕೇಳಿದ್ದನ್ನು ಇಡಲೇಬೇಕು’ ಅಂತ ಗಿರಾಕಿ ಪಟ್ಟು ಹಿಡಿದು ಕೂರುವ ಹಾಗಿಲ್ಲ. ಅಮೆರಿಕದಲ್ಲಿ ಊರೂರಲ್ಲೂ ಔಷಧಿ ಅಂಗಡಿ ಇಟ್ಟಿರುವ ಸಿವಿಎಸ್ 2014ರಲ್ಲಿ ಸಿಗರೇಟು ಮಾರುವುದನ್ನೇ ಬಿಟ್ಟಿತು. ಮಾತ್ರೆ ಮಾರುವ ಕಡೆ ಸಿಗರೇಟು ಸರಿಹೋಗುವುದಿಲ್ಲ ಅಂತ ಬಹಿರಂಗವಾಗಿ ಹೇಳಿತು, ವರ್ಷಕ್ಕೆ ಸುಮಾರು 200 ಕೋಟಿ ಡಾಲರ್ ವಹಿವಾಟು ಹೋಗಬಹುದು ಅಂತ ಲೆಕ್ಕವನ್ನೂ ತಾನೇ ಕೊಟ್ಟಿತು. ಸೇದುವವರು ಬೇರೆ ಅಂಗಡಿ ನೋಡಿಕೊಂಡರು, ಅಷ್ಟೇ.

ಕೊಳ್ಳದೇ ಇರುವುದೂ ಹಾಗೆಯೇ ನಮ್ಮಿಷ್ಟ. ಮಿಸಿಸಿಪ್ಪಿ ರಾಜ್ಯದ ಪೋರ್ಟ್ ಗಿಬ್ಸನ್‌ನಲ್ಲಿ 1966ರಲ್ಲಿ ಕಪ್ಪು ಜನ ಬಿಳಿಯರ ಅಂಗಡಿಗಳಿಗೆ ಹೋಗುವುದನ್ನು ಬಿಟ್ಟಾಗ ವ್ಯಾಪಾರಿಗಳು ನಷ್ಟ ಕಟ್ಟಿಕೊಡಿ ಅಂತ ಕೋರ್ಟಿಗೆ ಹೋದರು. ಕೇಸು ಎಳೆದಾಡಿ ಎಳೆದಾಡಿ 1982ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಗಲಾಟೆ ಇಲ್ಲದ ಬಹಿಷ್ಕಾರಕ್ಕೆ ಸಂವಿಧಾನದ ರಕ್ಷಣೆ ಇದೆ ಎಂದಿತು.

ಹಾಗಾದರೆ ತಕರಾರು ಎಲ್ಲಿ? ಮುಚ್ಚಿಟ್ಟಿದ್ದರಲ್ಲಿ. ಬಹಿಷ್ಕಾರದ ಪರ ಇರುವವರಿಗೆ ‘ನೋಡಿ, ತೆಗೆದಿದ್ದೇವೆ’ ಅನ್ನಬಹುದು, ವಿರುದ್ಧ ಇರುವವರಿಗೆ ‘ಅಯ್ಯೋ, ಸ್ಟಾಕ್ ಬಂದಿಲ್ಲ’ ಅನ್ನಬಹುದು. ಎರಡೂ ಕಡೆ ನಗುನಗುತ್ತಾ ವ್ಯಾಪಾರ!

1792ರಲ್ಲೇ ಇಂಗ್ಲೆಂಡಿನ ಹೇವರ್‌ಹಿಲ್ ಅನ್ನುವ ಊರಿನ ವ್ಯಾಪಾರಿ ಜೇಮ್ಸ್ ರೈಟ್ ಇದಕ್ಕಿಂತ ನೆಟ್ಟಗೆ ನಡೆದುಕೊಂಡಿದ್ದ. ಗುಲಾಮರಿಂದ ದುಡಿಸಿ ತೆಗೆದ ಸಕ್ಕರೆ ಬೇಡ ಅಂತ ಅಲ್ಲಿನ ಜನ ಬಹಿಷ್ಕಾರ ಹಾಕಿದ್ದ ಕಾಲ. ರೈಟ್ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಗುಲಾಮಗಿರಿಯ ಕಳಂಕ ಕಡಿಮೆ ಇರುವ ದಾರಿಯಲ್ಲಿ ಸಕ್ಕರೆ ಸಿಗುವವರೆಗೆ ತಾನು ಮಾರುವುದಿಲ್ಲ ಅಂತ ಗಿರಾಕಿಗಳಿಗೆ ತಿಳಿಸಿದ. ಇನ್ನೂರು ವರ್ಷದ ಹಿಂದೆ ಒಬ್ಬ ಅಂಗಡಿಯವ ದುಡ್ಡು ಕೊಟ್ಟು ಹಾಕಿಸಿದ ಆ ನಾಲ್ಕು ಸಾಲನ್ನು ಇವರು ಪುಕ್ಕಟೆ ಟೈಪ್ ಮಾಡಬಹುದಿತ್ತು, ಅಲ್ವಾ?

ಈಗಿನವರೂ ಹೇಳುತ್ತಾರೆ. 2024ರ ಜನವರಿಯಲ್ಲಿ ಫ್ರಾನ್ಸಿನ ಸೂಪರ್‌ಮಾರ್ಕೆಟ್ ಕಂಪನಿ ಕಾರ್‌ಫೂರ್ ಯುರೋಪಿನ ಕೆಲವು ದೇಶಗಳಲ್ಲಿ ಪೆಪ್ಸಿಕೋ ಮಾಲು ನಿಲ್ಲಿಸಿದಾಗ, ಒಪ್ಪಲಾಗದಷ್ಟು ಬೆಲೆ ಏರಿಸಿದ್ದಾರೆ ಅಂತ ಫ್ರಾನ್ಸಿನಲ್ಲಿ ಶೆಲ್ಫ್ ಮೇಲೇ ಚೀಟಿ ಅಂಟಿಸಿತು. (ಪೆಪ್ಸಿಕೋ ಮಾತ್ರ, ಕಳಿಸುವುದನ್ನು ನಿಲ್ಲಿಸಿದ್ದು ನಾವೇ ಎಂದಿತು. ಜಂಬ ನೋಡಿ.) ಇನ್ನೊಂದು ದಾರಿ ಡೆನ್ಮಾರ್ಕಿನಲ್ಲಿ ಸೂಪರ್‌ಮಾರ್ಕೆಟ್‌ಗಳನ್ನು ನಡೆಸುವ ಸಾಲಿಂಗ್ ಗ್ರೂಪಿನದು. 2025ರಲ್ಲಿ ಅಲ್ಲಿನ ಬಹಳಷ್ಟು ಜನ ಅಮೆರಿಕದ ಸಾಮಾನು ಬೇಡ ಅನ್ನತೊಡಗಿದಾಗ ಅದು ಏನನ್ನೂ ತೆಗೆಯಲಿಲ್ಲ. ಯುರೋಪಿನ ಕಂಪನಿಗಳ ಮಾಲಿನ ಬೆಲೆಚೀಟಿಯ ಮೇಲೆ ಒಂದು ಕಪ್ಪು ನಕ್ಷತ್ರ ಹಾಕಿ, ಬೇಕಾದ್ದನ್ನು ನೀವೇ ಆರಿಸಿಕೊಳ್ಳಿ ಅಂತ ಬಿಟ್ಟಿತು. ನನ್ನನ್ನು ಕೇಳಿದರೆ ದೊಡ್ಡ ಅಂಗಡಿಗಳಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಬಹಿಷ್ಕಾರ ಮಾಡುವವನಿಗೂ ಅನುಕೂಲ, ಮಾಡದವನಿಗೂ ತೊಂದರೆ ಇಲ್ಲ.

‘ದೊಡ್ಡ’ ಅಂತ ಬೇಕೆಂದೇ ಹೇಳಿದ್ದು. ಸಣ್ಣ ಅಂಗಡಿಯವನು ಒಂದು ಬ್ರ್ಯಾಂಡ್ ತೆಗೆದರೆ ಪಕ್ಕದ ರಸ್ತೆಗೆ ಹೋದರಾಯಿತು. ಬೇರೆ ದಾರಿಯೇ ಇಲ್ಲದ ಕಡೆ ಕಥೆ ಬೇರೆ. ಕೆನಡಾದ ಒಂಟಾರಿಯೊದಲ್ಲಿ ಮದ್ಯದ ಸಗಟು ವ್ಯಾಪಾರ ಸರ್ಕಾರಿ ಸಂಸ್ಥೆ ಎಲ್‌ಸಿಬಿಒ ಕೈಯಲ್ಲಿದೆ. 2025ರ ಮಾರ್ಚ್‌ನಲ್ಲಿ ಅದು ಅಮೆರಿಕದ ಮದ್ಯವನ್ನೆಲ್ಲ ಶೆಲ್ಫಿನಿಂದ ತೆಗೆದಾಗ ಬಾರ್‌ಗಳೂ ತರಿಸಿಕೊಳ್ಳುವ ಹಾಗಿರಲಿಲ್ಲ. ಅಲ್ಲಿ ಗಿರಾಕಿಗೆ ಆಯ್ಕೆ ಎಲ್ಲಿ ಉಳಿಯಿತು? ಆದರೆ ಅವರೂ ಕಾರಣ ಮುಚ್ಚಿಡಲಿಲ್ಲ, ಸುಂಕದ ಜಗಳಕ್ಕೆ ಉತ್ತರ ಅಂತ ಸರ್ಕಾರವೇ ಹೇಳಿತ್ತು.

ನನಗೆ ಇನ್ನೂ ಜಾಸ್ತಿ ಕಿರಿಕಿರಿ ಆಗಿದ್ದು ಮುಂದಿನದಕ್ಕೆ. ಆ ಶಾಂಪೂ ಹೆಸರು ಹಾಕಿ ಹುಡುಕಿದರೆ ಈಗ ಮೊದಲು ಬರುವುದು ಅಂಗಡಿಯ ಸ್ವಂತ ಬ್ರ್ಯಾಂಡ್. ಬಾಟಲಿಯ ಬಣ್ಣ ಕೂಡ ಹತ್ತಿರ ಹತ್ತಿರ ಅದೇ. ಬೇರೆ ಕಂಪನಿಯ ಮಾಲು ಮಾರಿದರೆ ಅಂಗಡಿಗೆ ಸಿಗುವುದು ಒಂದು ಪಾಲು, ಸ್ವಂತದ್ದು ಮಾರಿದರೆ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಉಳಿಯುತ್ತದೆ. ಹಾಗಿರುವಾಗ ಜನರ ಮಾತಿಗೆ ಬೆಲೆ ಕೊಟ್ಟು ತೆಗೆದರೋ, ಜಾಗ ಖಾಲಿಯಾಗಲಿ ಅಂತ ಕಾಯುತ್ತಿದ್ದರೋ ಅಂತ ಅನುಮಾನ ಬರುವುದು ಸಹಜ. ಕಾರಣ ಬರೆದಿದ್ದರೆ ಈ ಅನುಮಾನಕ್ಕೆ ಜಾಗವೇ ಇರುತ್ತಿರಲಿಲ್ಲ.

ಬಹಿಷ್ಕಾರ ಮಾಡುವವರಿಗೂ ಒಂದು ಮಾತು. ಚಾಟ್‌ನಲ್ಲಿ ಕೂತವರಿಗೋ ಡೆಲಿವರಿ ಹುಡುಗರಿಗೋ ಬೈದು ಏನೂ ಸಿಗುವುದಿಲ್ಲ, ಏನು ತರಿಸಬೇಕು ಅಂತ ತೀರ್ಮಾನಿಸುವವರು ಅವರಲ್ಲ. ಅಂಗಡಿಯವನು ಆಗಲೇ ದುಡ್ಡು ಕೊಟ್ಟು ತಂದಿಟ್ಟ ಮಾಲನ್ನು ಎಸೆಯಿರಿ ಅಂದರೆ ಪೆಟ್ಟು ಬೀಳುವುದೂ ಅವನಿಗೇ, ಕಂಪನಿಯ ದುಡ್ಡು ಕಂಪನಿಗೆ ಮುಟ್ಟಿಯಾಗಿದೆ. ಮುಂದಿನ ಆರ್ಡರ್ ನಿಂತರೆ ಮಾತ್ರ ಅಲ್ಲಿಗೆ ಬಿಸಿ ತಟ್ಟುತ್ತದೆ.

ಅಂಗಡಿ ಬಿಡಬೇಕಾ ಅಂತ ಕೇಳಿದರೆ, ಬೇಡ. ಪಾತ್ರೆ ಸೋಪು, ಬಲ್ಬು, ಪೊರಕೆ ಇಂಥದ್ದಕ್ಕೆ ಸರಿಯಾಗಿದೆ, ನಾನೂ ತರಿಸುತ್ತಿದ್ದೇನೆ. ಒಂದೇ ಬ್ರ್ಯಾಂಡ್ ಬೇಕು ಅನ್ನುವವರು ಇನ್ನೊಂದು ಅಂಗಡಿಯಲ್ಲೂ ಅಕೌಂಟ್ ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ತಾನಾಗಿಯೇ ಬರುವ ಆರ್ಡರ್ ಹಾಕಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ‘ಇಲ್ಲದಿದ್ದರೆ ಅದೇ ಥರದ್ದನ್ನು ಕಳಿಸಿ’ ಅನ್ನುವ ಟಿಕ್ ತೆಗೆದುಬಿಡಿ. ಅದನ್ನು ಅವರೇ ಮೊದಲೇ ಹಾಕಿಟ್ಟಿರುತ್ತಾರೆ, ಸುಮ್ನೆ ಬಿಟ್ಟರೆ ಮುಂದಿನ ತಿಂಗಳು ಅವರದೇ ಶಾಂಪೂ ಬರುತ್ತದೆ.