ನಗೀಬ್ ಮಹಫೂಜ್ ಮ್ಯೂಸಿಯಂ, ಕೈರೋ: ಒಳಗಿಗಿಂತ ಹೊರಗೇ ಹೆಚ್ಚು

ಅಲ್-ಅಜ್‌ಹರ್ ಮಸೀದಿಯ ಪಕ್ಕ, 18ನೇ ಶತಮಾನದ ಅಬು ಅಲ್-ದಹಬ್ ತಕಿಯಾ (ಸೂಫಿಗಳ ವಸತಿ) ಕಟ್ಟಡದಲ್ಲಿ 2019ರಲ್ಲಿ ತೆರೆದ ಮ್ಯೂಸಿಯಂ ಇದು. ನೊಬೆಲ್ ಪಡೆದ ಈಜಿಪ್ಟಿನ ಈ ಕಾದಂಬರಿಕಾರರ ಬಳಕೆಯ ವಸ್ತು, ಪದಕ, ಪುಸ್ತಕ ನೋಡಲು ಒಂದು ತಾಸು ಧಾರಾಳ ಸಾಕು.

ಅಸಲಿ ಸರಕು ಇರುವುದು ಹೊರಗೆ. ಅಲ್-ಅಜ್‌ಹರ್ ರಸ್ತೆಯನ್ನು ಪಾದಚಾರಿ ಸುರಂಗದಲ್ಲೇ ದಾಟಿ. ಮೇಲೆ ವಾಹನಗಳ ನಡುವೆ ನುಗ್ಗುವ ಸಾಹಸ ಬೇಡ. ಆಚೆ ಸನಾದಿಕಿಯಾ ಬೀದಿಯಲ್ಲಿದೆ ಮಿದಕ್ ಓಣಿ, ಮಹಫೂಜ್ ಕಾದಂಬರಿಯೊಂದರ ಹೆಸರೂ ಇದೇ. ದಾರಿ ತಪ್ಪಿದರೆ ಅಂಗಡಿಯವರನ್ನು ‘ಝುಕಾಕ್ ಅಲ್-ಮಿದಕ್’ ಎಂದು ಕೇಳಿ. ಕೈರೋ ಮಂದಿ ಆ ‘ಕ’ವನ್ನು ಗಂಟಲಲ್ಲೇ ನುಂಗುತ್ತಾರೆ, ಉತ್ತರ ‘ಝುಆ’ ಅಂತ ಕೇಳಿಸಿದರೆ ಗಾಬರಿಯಾಗಬೇಡಿ.

ಓಣಿ ಎಷ್ಟು ಗಿಡ್ಡ ಎಂದರೆ, ಶುರುವಾಯಿತು ಅನ್ನುವಷ್ಟರಲ್ಲಿ ಮುಗಿದಿರುತ್ತದೆ. ‘ಇಷ್ಟೇನಾ?’ ಎಂದು ವಾಪಸಾಗುವವರೇ ಹೆಚ್ಚು. ಆದರೆ 1947ರ ಆ ಕಾದಂಬರಿ ನಿಂತಿರುವುದೇ ಈ ಇಕ್ಕಟ್ಟಿನ ಮೇಲೆ. ಎರಡನೇ ಮಹಾಯುದ್ಧಕಾಲದ ಬಡತನ, ಬ್ರಿಟಿಷ್ ಸೈನ್ಯದ ಸಂಬಳಕ್ಕೆ ಹೊರಡುವ ಕ್ಷೌರಿಕ, ಭಿಕ್ಷೆಗೆಂದು ಜನರನ್ನು ಊನ ಮಾಡಿಕೊಡುವ ಜೈತಾ: ಒಬ್ಬರ ಗುಟ್ಟು ಇನ್ನೊಬ್ಬರ ಕಿಟಕಿಗೆ ತಲುಪಲು ಇಲ್ಲಿ ಎಷ್ಟು ಹೊತ್ತು ಬೇಕು? ಮಹಫೂಜ್ 1911ರಲ್ಲಿ ಹುಟ್ಟಿದ್ದು ಇಲ್ಲೇ ಹತ್ತಿರದ ಗಮಾಲಿಯಾ ಬಡಾವಣೆಯಲ್ಲಿ. ಹುಡುಗನಾಗಿದ್ದಾಗಲೇ ಮನೆಯವರು ಕೈರೋದ ಇನ್ನೊಂದು ಬಡಾವಣೆ ಅಬ್ಬಾಸಿಯಾಕ್ಕೆ ಹೋದರು, ಮನಸ್ಸು ಮಾತ್ರ ಇಲ್ಲೇ ಉಳಿಯಿತು.

ಕಾದಂಬರಿ ಓದದೆ ಹೋದರೆ ಇದು ಬರೀ ಗೋಡೆ.

ಕೊನೆಗೆ ಫಿಶಾವಿ ಕಾಫಿಖಾನೆಯಲ್ಲಿ ಗಾಜಿನ ಲೋಟದ ಪುದೀನಾ ಚಹಾ. ಸಕ್ಕರೆ ಕಮ್ಮಿ ಬೇಕಿದ್ದರೆ ಆರ್ಡರ್ ಮಾಡುವಾಗಲೇ ಹೇಳಿ, ಬೆಲೆಯನ್ನೂ ಆಗಲೇ ಕೇಳಿಕೊಳ್ಳಿ. ಸಂಜೆ ಕುರ್ಚಿ ಸಿಗುವುದು ಕಷ್ಟ.