ಆರ್‌ವಿ ಪ್ರವಾಸಕ್ಕೆ ಡಂಪ್ ಸ್ಟೇಷನ್ ಹುಡುಕಿಕೊಡುವ ಆ್ಯಪ್‌ಗಳು: ಯಾವುದನ್ನು ಎಷ್ಟು ನಂಬಬಹುದು?

ಅಮೆರಿಕದಲ್ಲಿ ಆರ್‌ವಿ, ಅಂದರೆ ಮಲಗುವ ಜಾಗ, ಅಡುಗೆಮನೆ, ಕಕ್ಕಸು ಎಲ್ಲ ಇರುವ ಮನೆಯಂಥ ಗಾಡಿ, ಬಾಡಿಗೆಗೆ ಹಿಡಿದು ಹೊರಡುವವರು ಪೆಟ್ರೋಲ್ ಎಲ್ಲಿ ಹಾಕಿಸಬೇಕು, ರಾತ್ರಿ ಎಲ್ಲಿ ತಂಗಬೇಕು ಅನ್ನುವುದನ್ನೆಲ್ಲ ತಿಂಗಳುಗಟ್ಟಲೆ ಮುಂಚೆ ಕೂತು ಲೆಕ್ಕ ಹಾಕುತ್ತಾರೆ. ಕಕ್ಕಸಿನ ಟ್ಯಾಂಕನ್ನು ಎಲ್ಲಿ ಖಾಲಿ ಮಾಡುವುದು, ಅಂದರೆ ಕೊಳಕು ನೀರು ಸುರಿಯುವ ಗುಂಡಿ ಇರುವ ಡಂಪ್ ಸ್ಟೇಷನ್ ಎಲ್ಲಿದೆ ಅನ್ನುವ ಪ್ರಶ್ನೆ ಮಾತ್ರ ಸೆನ್ಸರ್ ದೀಪ ಪೂರ್ತಿ ಹೊತ್ತಿಕೊಂಡ ಮೇಲೆ ಏಳುತ್ತದೆ. ಆಗ ಅವಸರದಲ್ಲಿ ಫೋನ್ ತೆಗೆದು ಹುಡುಕಿದರೆ ಸಿಗುವ ಮೊದಲ ಜಾಗ ಒಂದೋ ಚಳಿಗಾಲಕ್ಕೆ ಮುಚ್ಚಿರುತ್ತದೆ, ಇಲ್ಲವೇ ಅಲ್ಲಿ ತಂಗಿದವರಿಗೆ ಮಾತ್ರ ಮೀಸಲಾಗಿರುತ್ತದೆ. ಈ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿರುವ ಗೂಗಲ್ ಮ್ಯಾಪ್ಸ್, ಐಓವರ್‌ಲ್ಯಾಂಡರ್, ಕ್ಯಾಂಪೆಂಡಿಯಂ, ಸ್ಯಾನಿಡಂಪ್ಸ್ ಮತ್ತು ಆರ್‌ವಿ ಲೈಫ್ ಟ್ರಿಪ್ ವಿಝಾರ್ಡ್ ಎಷ್ಟರಮಟ್ಟಿಗೆ ಉಪಯೋಗಕ್ಕೆ ಬರುತ್ತವೆ ಎಂದು ಇಲ್ಲಿ ನೋಡೋಣ. ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ಇವುಗಳಲ್ಲಿ ಯಾವುದೂ ಒಂಟಿಯಾಗಿ ಸಾಲುವುದಿಲ್ಲ. ಪಟ್ಟಿಯಲ್ಲಿ ಎಷ್ಟು ಸಾವಿರ ಜಾಗಗಳಿವೆ ಅನ್ನುವುದಕ್ಕಿಂತ, ನಿಮಗೆ ಬೇಕಾದ ಆ ಒಂದು ಜಾಗದ ಬಗ್ಗೆ ಕೊನೆಯ ಕಾಮೆಂಟ್ ಯಾವ ತಿಂಗಳಿನದು ಅನ್ನುವುದೇ ಮುಖ್ಯ.

ಆ್ಯಪ್ ತೆರೆಯುವ ಮೊದಲು ಟ್ಯಾಂಕಿನ ಲೆಕ್ಕ ಆಗಬೇಕು. ಆರ್‌ವಿಯಲ್ಲಿ ಮೂರು ಟ್ಯಾಂಕ್ ಇರುತ್ತವೆ. ಒಳ್ಳೆಯ ನೀರಿಗೆ ಒಂದು, ಸಿಂಕ್ ಮತ್ತು ಬಚ್ಚಲ ನೀರಿಗೆ ಗ್ರೇ ಟ್ಯಾಂಕ್, ಕಕ್ಕಸಿಗೆ ಬ್ಲ್ಯಾಕ್ ಟ್ಯಾಂಕ್. ನಾಲ್ಕು ಜನರ ಬಾಡಿಗೆ ಗಾಡಿಯಲ್ಲಿ ಬ್ಲ್ಯಾಕ್ ಟ್ಯಾಂಕ್ 30 ಗ್ಯಾಲನ್ (ಒಂದು ಗ್ಯಾಲನ್ ಅಂದರೆ ಸುಮಾರು 3.8 ಲೀಟರ್) ಆಸುಪಾಸು ಇದೆ ಎಂದುಕೊಳ್ಳಿ. ತಲೆಗೆ ದಿನಕ್ಕೆ ಒಂದೂವರೆಯಿಂದ ಎರಡು ಗ್ಯಾಲನ್ ಹಿಡಿದರೆ ನಾಲ್ಕು ದಿನದಲ್ಲಿ ಕಂಠಮಟ್ಟ. ಅಲ್ಲಿಯವರೆಗೆ ಕಾಯಬಾರದು, ಮೂರರಲ್ಲಿ ಎರಡು ಪಾಲು ತುಂಬಿದಾಗ ಖಾಲಿ ಮಾಡುವುದು ಸರಿ. ಅಂದರೆ ಮೂರು ದಿನಕ್ಕೊಮ್ಮೆ ಡಂಪ್. ಕಾಗದದ ಬದಲು ನೀರು ಬಳಸುವ ಮನೆಯವರಿಗೆ ಇನ್ನೂ ಬೇಗ ತುಂಬುತ್ತದೆ. ಆದರೆ ನೀರು ಹೆಚ್ಚಿದ್ದಷ್ಟೂ ಗಟ್ಟಿ ಅಂಶ ಕಟ್ಟಿಕೊಳ್ಳದೆ ಸಲೀಸಾಗಿ ಹರಿದುಹೋಗುವುದರಿಂದ ಇದರಲ್ಲಿ ನಷ್ಟವಿಲ್ಲ. ಅನೇಕರನ್ನು ಮೋಸಗೊಳಿಸುವುದು ಗ್ರೇ ಟ್ಯಾಂಕ್. ನಿಮಿಷಕ್ಕೆ 2 ಗ್ಯಾಲನ್ ಸುರಿಯುವ ಶವರ್ ಕೆಳಗೆ ಐದು ನಿಮಿಷ ನಿಂತರೆ 10 ಗ್ಯಾಲನ್ ಹೋಯಿತು, ನಾಲ್ಕು ಜನ ಹಾಗೆ ಮಿಂದರೆ 40 ಗ್ಯಾಲನ್ ಟ್ಯಾಂಕ್ ಒಂದೇ ಬೆಳಿಗ್ಗೆಗೆ ಭರ್ತಿ. ನೀರು ಹಾಕಿಕೊಂಡು ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ತೊಳೆದುಕೊಂಡರೆ ತಲೆಗೆ ಮೂರು ಗ್ಯಾಲನ್‌ನಲ್ಲಿ ಮುಗಿಯುತ್ತದೆ. ತೂಕದ ಲೆಕ್ಕವೂ ಇದೆ. ಗ್ಯಾಲನ್ ನೀರು 8.3 ಪೌಂಡ್ ತೂಗುತ್ತದೆ. ಎರಡೂ ಟ್ಯಾಂಕ್ ತುಂಬಿಸಿಕೊಂಡು ಘಾಟಿ ಹತ್ತುವುದೆಂದರೆ ಸುಮಾರು 580 ಪೌಂಡ್ ಕೊಳಕು ನೀರನ್ನು ಸುಮ್ಮನೆ ಹೊತ್ತು ಹೋದಂತೆ.

ಈಗ ಆ್ಯಪ್‌ಗಳು. ಗೂಗಲ್ ಮ್ಯಾಪ್ಸ್ ಎಲ್ಲರ ಕೈಯಲ್ಲೂ ಇದೆ, ಆದರೆ ಬರೀ ಹುಡುಕಾಟಕ್ಕೆ ಅದನ್ನು ನೆಚ್ಚಿಕೊಳ್ಳಬಾರದು. ಡಂಪ್ ಸ್ಟೇಷನ್ ಎಂದು ಹಾಕಿದರೆ ಊರಿನ ಕಸ ಸುರಿಯುವ ಜಾಗವೂ ಬರುತ್ತದೆ, ಹೊರಗಿನವರನ್ನು ಒಳಗೆ ಬಿಡದ ಖಾಸಗಿ ಕ್ಯಾಂಪ್‌ಗ್ರೌಂಡೂ ಬರುತ್ತದೆ. ಅದರ ನಿಜವಾದ ಬೆಲೆ ಬೇರೆ ಕಡೆ ಸಿಕ್ಕ ಜಾಗವನ್ನು ಪರೀಕ್ಷಿಸುವುದರಲ್ಲಿದೆ. ಸ್ಯಾಟಲೈಟ್ ನೋಟಕ್ಕೆ ಹೋಗಿ ದೊಡ್ಡದು ಮಾಡಿ ನೋಡಿ. ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಬರುವ ದಾರಿ ಇದೆಯೇ, 30 ಅಡಿ ಗಾಡಿ ತಿರುಗುತ್ತದೆಯೇ, ಗುಂಡಿ ನಿಮ್ಮ ಎಡಗಡೆಗೆ ಬರುತ್ತದೆಯೇ ಎಲ್ಲವೂ ಕಾಣುತ್ತದೆ. ಆರ್‌ವಿಗಳ ಕೊಳಕು ನೀರಿನ ಬಾಯಿ ಸಾಮಾನ್ಯವಾಗಿ ಚಾಲಕನ ಕಡೆ (ಅಮೆರಿಕದಲ್ಲಿ ಅದು ಎಡಗಡೆ), ಹಿಂಭಾಗದಲ್ಲಿರುವುದರಿಂದ ಇದನ್ನು ನೋಡಿಕೊಳ್ಳದೆ ಹೋದರೆ ಅಲ್ಲಿ ಹಿಂದೆ ಮುಂದೆ ಮಾಡುತ್ತಾ ಪರದಾಡಬೇಕಾಗುತ್ತದೆ. ರಿವ್ಯೂಗಳನ್ನು ಹೊಸದು ಮೊದಲು ಬರುವಂತೆ ಜೋಡಿಸಿ, ಅದರೊಳಗೆ ಡಂಪ್ ಎಂಬ ಪದ ಹುಡುಕಿ.

ಐಓವರ್‌ಲ್ಯಾಂಡರ್ ಬಳಕೆದಾರರೇ ತುಂಬಿಸುವ ನಕ್ಷೆ. ಡಂಪ್ ಸ್ಟೇಷನ್‌ಗೆ ಅದರಲ್ಲಿ ಬೇರೆಯೇ ವರ್ಗವಿದೆ. ಬಂದುಹೋದವರು ತಾರೀಖಿನ ಸಮೇತ ಬರೆದಿಟ್ಟಿರುತ್ತಾರೆ. ತೊಳೆಯುವ ನೀರು ಬರುತ್ತಿಲ್ಲ, ಶುಲ್ಕ ಹೆಚ್ಚಾಗಿದೆ, ಮುಚ್ಚಳಕ್ಕೆ ಬೀಗ ಹಾಕಿದ್ದಾರೆ ಎಂಬಂಥ ಸಂಗತಿಗಳು ಇಲ್ಲಿ ಸಿಗುವಷ್ಟು ಬೇಗ ಬೇರೆಲ್ಲೂ ಸಿಗುವುದಿಲ್ಲ. ಪಶ್ಚಿಮದ ರಾಜ್ಯಗಳಲ್ಲಿ, ಅದರಲ್ಲೂ ಸರ್ಕಾರಿ ಜಮೀನಿನಲ್ಲಿ ಬಿಟ್ಟಿ ತಂಗುವವರು ಓಡಾಡುವ ಕಡೆ, ಇದು ಬಲವಾಗಿದೆ. ಕಾಮೆಂಟ್ ಒಂದು ವರ್ಷಕ್ಕಿಂತ ಹಳೆಯದಾಗಿದ್ದರೆ ಅಂಥ ಜಾಗವನ್ನು ಯೋಜನೆಗೆ ಸೇರಿಸಬೇಡಿ. ಕ್ಯಾಂಪೆಂಡಿಯಂನ ಹೆಚ್ಚುಗಾರಿಕೆ ಮೊಬೈಲ್ ಸಿಗ್ನಲ್ ಬಗ್ಗೆ ಕಂಪನಿವಾರು ಸಿಗುವ ವರದಿಗಳು. ತಂಗುವ ಜಾಗ ಆರಿಸುವಾಗ ಒಳ್ಳೆಯದು, ಡಂಪ್ ಮಾಹಿತಿ ಅದರ ಜೊತೆಗೆ ಬರುವ ಲಾಭ. ಸ್ಯಾನಿಡಂಪ್ಸ್ ಬರೀ ಇದೊಂದಕ್ಕೇ ಮಾಡಿದ ತಾಣ. ರಾಜ್ಯವಾರು ಪಟ್ಟಿ ಉದ್ದವಾಗಿದೆ, ಬೇರೆಲ್ಲೂ ಕಾಣದ ಪುಟ್ಟ ಊರಿನ ಪಾರ್ಕು, ಕೊಳಚೆ ಶುದ್ಧೀಕರಣ ಘಟಕದ ಪಕ್ಕದ ಗುಂಡಿ ಕೂಡ ಅದರಲ್ಲಿ ಸಿಗಬಹುದು. ಅಂಥ ನಮೂದು ಸಿಕ್ಕಾಗ ಊರಿನ ಆಫೀಸಿಗೆ ಒಂದು ಫೋನ್ ಮಾಡಿ ಖಚಿತ ಮಾಡಿಕೊಳ್ಳಿ.

ಆರ್‌ವಿ ಲೈಫ್ ಚಂದಾ ಕಟ್ಟಿ ಬಳಸುವಂಥದ್ದು. ಡಂಪ್ ಸ್ಟೇಷನ್‌ಗಾಗಿ ಮಾತ್ರ ದುಡ್ಡು ಕೊಡುವ ಅಗತ್ಯವಿಲ್ಲ. ಆದರೆ ಗಾಡಿಯ ಎತ್ತರ, ಉದ್ದ, ತೂಕ ಕೊಟ್ಟರೆ ಅದಕ್ಕೆ ತಕ್ಕ ದಾರಿ ತೋರಿಸುತ್ತದಲ್ಲ, ಆ ಕಾರಣಕ್ಕೆ ಚಂದಾ ಸಾರ್ಥಕ. ಕಾರಿನ ಜಿಪಿಎಸ್‌ಗೆ ನಿಮ್ಮ ಗಾಡಿ 12 ಅಡಿ ಎತ್ತರ ಇದೆ ಎಂದು ಗೊತ್ತಿಲ್ಲ. ನ್ಯೂಯಾರ್ಕ್ ಸುತ್ತಲಿನ, ಕಾರುಗಳಿಗಷ್ಟೇ ಮೀಸಲಾದ ಪಾರ್ಕ್‌ವೇ ರಸ್ತೆಗಳ ತಗ್ಗು ಸೇತುವೆಗಳ ಕಡೆಗೆ ಅದು ಯಾವ ಮುಲಾಜೂ ಇಲ್ಲದೆ ಕಳಿಸಿಬಿಡುತ್ತದೆ.

ಇವೆಲ್ಲಕ್ಕಿಂತ ಮೇಲೆ ನಾನು ಇಡುವುದು ಸರ್ಕಾರಿ ಪುಟಗಳನ್ನು. ನ್ಯಾಷನಲ್ ಪಾರ್ಕ್ ಸರ್ವಿಸ್ ಪ್ರತಿ ಕ್ಯಾಂಪ್‌ಗ್ರೌಂಡಿನ ಪುಟದಲ್ಲೂ ಡಂಪ್ ಸ್ಟೇಷನ್ ಇದೆಯೇ, ವರ್ಷವಿಡೀ ತೆರೆದಿರುತ್ತದೆಯೇ, ಋತುವಿಗೆ ಮಾತ್ರವೇ ಎಂದು ಹಾಕಿರುತ್ತದೆ. ನೀರಿನ ಪೈಪು ಹೆಪ್ಪುಗಟ್ಟಿದಾಗ, ದುರಸ್ತಿ ನಡೆಯುವಾಗ ಅಲ್ಲೇ ಎಚ್ಚರಿಕೆ ಬರುತ್ತದೆ. ಉತ್ತರದ ರಾಜ್ಯಗಳಲ್ಲಿ ಮತ್ತು ಎತ್ತರದ ಪ್ರದೇಶಗಳಲ್ಲಿ ಅಕ್ಟೋಬರ್‌ನಿಂದ ವಸಂತದವರೆಗೆ ಬಹುಪಾಲು ಮುಚ್ಚಿರುತ್ತವೆ ಎಂದೇ ತಿಳಿದು ಹೊರಡಿ.

ಜಾಗಗಳ ಬಗೆ ಗೊತ್ತಿದ್ದರೆ ಹುಡುಕುವುದು ಸುಲಭ. ವಾಷಿಂಗ್ಟನ್, ಅಯೋವಾದಂಥ ಕೆಲವು ರಾಜ್ಯಗಳ ಹೆದ್ದಾರಿ ರೆಸ್ಟ್ ಏರಿಯಾಗಳಲ್ಲಿ ಡಂಪ್ ಇದೆ, ಎಲ್ಲ ರಾಜ್ಯಗಳಲ್ಲೂ ಇಲ್ಲ. ಆಯಾ ರಾಜ್ಯದ ಸಾರಿಗೆ ಇಲಾಖೆಯ ರೆಸ್ಟ್ ಏರಿಯಾ ನಕ್ಷೆಯಲ್ಲಿ ನೋಡಿಕೊಳ್ಳಬಹುದು. ಸ್ಟೇಟ್ ಪಾರ್ಕುಗಳಲ್ಲಿ ತಂಗಿದವರಿಗೆ ಸಾಮಾನ್ಯವಾಗಿ ಉಚಿತ, ಹೊರಗಿನವರಿಗೆ ಶುಲ್ಕ. ಫ್ಲೈಯಿಂಗ್ ಜೆ, ಲವ್ಸ್ ಮುಂತಾದ ಟ್ರಕ್ ಸ್ಟಾಪ್‌ಗಳಲ್ಲಿ ದುಡ್ಡು ಕೊಡಬೇಕು. 10 ಡಾಲರ್‌ಗೆ ಕಡಿಮೆ ಅಪರೂಪ. ಅವುಗಳ ಎಲ್ಲ ಶಾಖೆಗಳಲ್ಲೂ ಇರುವುದಿಲ್ಲ, ಕಂಪನಿಯ ಆ್ಯಪ್‌ನಲ್ಲಿ ಆರ್‌ವಿ ಡಂಪ್ ಎಂದು ಫಿಲ್ಟರ್ ಹಾಕಿ ನೋಡಬೇಕು. ಕೆಲವು ಕಡೆ ಮುಚ್ಚಳಕ್ಕೆ ಬೀಗ ಇರುತ್ತದೆ, ಆದ್ದರಿಂದ ಹೋಸ್ ಬಿಚ್ಚುವ ಮೊದಲು ಕೌಂಟರಿಗೆ ಹೋಗಿ ದುಡ್ಡು ಕಟ್ಟಿ. ಹಾಗಿದ್ದೂ ಚಳಿಗಾಲದಲ್ಲಿ, ತಡರಾತ್ರಿಯಲ್ಲಿ, ಮಿಕ್ಕವು ಕೈಕೊಟ್ಟಾಗ ಕೈಹಿಡಿಯುವುದು ಟ್ರಕ್ ಸ್ಟಾಪೇ. ಪ್ರತಿ ಯೋಜಿತ ಡಂಪಿಗೂ 50 ಮೈಲಿಯೊಳಗೆ ಒಂದು ಟ್ರಕ್ ಸ್ಟಾಪನ್ನು ಬದಲಿಗೆ ಗುರುತಿಸಿಕೊಳ್ಳಿ.

ಉದಾಹರಣೆಗೆ ಲಾಸ್ ವೇಗಸ್‌ನಿಂದ ಹೊರಟು ಯೂಟಾದ ಝಯಾನ್, ಬ್ರೈಸ್, ಕ್ಯಾಪಿಟಲ್ ರೀಫ್, ಆರ್ಚಸ್ ಪಾರ್ಕುಗಳನ್ನು ನೋಡುವ ದಾರಿ ತಗೊಳ್ಳಿ. ಝಯಾನ್‌ನ ವಾಚ್‌ಮನ್ ಕ್ಯಾಂಪ್‌ಗ್ರೌಂಡಿನಲ್ಲಿ ಡಂಪ್ ಇದೆ. ಅಲ್ಲಿ ಕರೆಂಟ್ ಇರುವ ಸೈಟುಗಳೂ ಇವೆ, ಆದರೆ ಸೈಟಿನಲ್ಲೇ ಸೀವರ್ (ಕೊಳಕು ನೀರು ಬಿಡುವ ಕೊಳವೆ) ಇಲ್ಲ. ಹುಕ್‌ಅಪ್ (ಸೈಟಿನಲ್ಲೇ ಸಿಗುವ ಕರೆಂಟ್, ನೀರಿನಂಥ ಸಂಪರ್ಕ) ಎಂಬ ಪದ ಕಂಡ ಕೂಡಲೇ ಸೀವರ್ ಕೂಡ ಸೇರಿದೆ ಎಂದು ಎಣಿಸಬೇಡಿ, ಫುಲ್ ಹುಕ್‌ಅಪ್ ಎಂದಿದ್ದರೆ ಮಾತ್ರ ಸೇರಿರುತ್ತದೆ. ಝಯಾನ್‌ನಿಂದ ಪೂರ್ವಕ್ಕೆ ಮೌಂಟ್ ಕಾರ್ಮೆಲ್ ಸುರಂಗವಿದೆ. 7 ಅಡಿ 10 ಇಂಚಿಗಿಂತ ಅಗಲ ಅಥವಾ 11 ಅಡಿ 4 ಇಂಚಿಗಿಂತ ಎತ್ತರದ ಗಾಡಿಗಳಿಗೆ ಅಲ್ಲಿ ನಿರ್ಬಂಧವಿದೆ, ಬಾಡಿಗೆ ಆರ್‌ವಿಗಳು ಬಹುತೇಕ ಈ ಅಳತೆ ಮೀರುತ್ತವೆ. ಪಾರ್ಕಿನ ಪುಟದಲ್ಲಿ ಈಗಿನ ನಿಯಮ ಓದಿ, ಸುತ್ತು ದಾರಿಯ ಸಮಯವನ್ನೂ ಸೇರಿಸಿಕೊಳ್ಳಿ. ಬ್ರೈಸ್‌ನ ನಾರ್ತ್ ಕ್ಯಾಂಪ್‌ಗ್ರೌಂಡಿನ ಡಂಪ್ ಬೇಸಿಗೆಗೆ ಮಾತ್ರ. ಕ್ಯಾಪಿಟಲ್ ರೀಫ್‌ನ ಫ್ರೂಟಾ ಕ್ಯಾಂಪ್‌ಗ್ರೌಂಡಿನದೂ ಚಳಿಗಾಲದಲ್ಲಿ ಮುಚ್ಚುತ್ತದೆ. ಆರ್ಚಸ್‌ನ ಡೆವಿಲ್ಸ್ ಗಾರ್ಡನ್‌ನಲ್ಲಂತೂ ಡಂಪ್ ಇಲ್ಲವೇ ಇಲ್ಲ. ಹಾಗಾಗಿ ಫ್ರೂಟಾ ಬಿಡುವ ಬೆಳಿಗ್ಗೆ ಟ್ಯಾಂಕ್ ಅರ್ಧವೇ ಆಗಿದ್ದರೂ ಖಾಲಿ ಮಾಡಿ, ಒಳ್ಳೆಯ ನೀರು ತುಂಬಿಸಿಕೊಂಡು ಹೊರಡಬೇಕು. ಆರ್ಚಸ್‌ನಲ್ಲಿ ಎರಡು ರಾತ್ರಿ ಕಳೆದ ಮೇಲೆ ಮುಂದಿನ ಡಂಪ್ ಮೋಅಬ್ ಊರಿನಲ್ಲಿ. ಈ ದಾರಿಯ ಬಹಳಷ್ಟು ಕಡೆ ಸಿಗ್ನಲ್ ಇರುವುದಿಲ್ಲ. ಗೂಗಲ್‌ನ ಆಫ್‌ಲೈನ್ ನಕ್ಷೆ ಇಳಿಸಿಕೊಂಡು, ಡಂಪ್ ಜಾಗಗಳನ್ನು ಮೊದಲೇ ಸೇವ್ ಮಾಡಿ, ಮುಖ್ಯ ಕಾಮೆಂಟ್‌ಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಡಂಪ್ ಮಾಡುವ ಕೆಲಸ ಕ್ರಮ ತಪ್ಪದಿದ್ದರೆ 15 ನಿಮಿಷದ್ದು. ಬಿಸಾಡುವ ಗ್ಲೌಸ್ ಹಾಕಿಕೊಂಡು, ಎರಡೂ ವಾಲ್ವ್ ಮುಚ್ಚಿವೆಯೇ ಎಂದು ನೋಡಿ, ಆಮೇಲೆ ಗಾಡಿಯ ಬಾಯಿಯ ಕ್ಯಾಪ್ ತೆಗೆಯಿರಿ. ವಾಲ್ವ್ ಸ್ವಲ್ಪ ಸೋರುತ್ತಿದ್ದರೆ ಕ್ಯಾಪ್ ಹಿಂದೆ ನೀರು ನಿಂತಿರುತ್ತದೆ, ಕೆಳಗೊಂದು ಬಕೆಟ್ ಇಡಿ. 3 ಇಂಚಿನ ಸೀವರ್ ಹೋಸಿನ ತುದಿಯನ್ನು ತಿರುಗಿಸಿ ಎರಡೂ ಕೊಕ್ಕೆ ಕಚ್ಚಿಕೊಂಡಿವೆಯೇ ಎಂದು ಎಳೆದು ಖಚಿತ ಮಾಡಿಕೊಳ್ಳಿ. ಈ ಒಂದು ಕೊಕ್ಕೆ ಸಡಿಲಿದ್ದರೆ ದೊಡ್ಡ ಅನಾಹುತ ಆಗಬಹುದು. ಇನ್ನೊಂದು ತುದಿ ಗುಂಡಿಯೊಳಗೆ ಕೆಲವು ಇಂಚು ಇಳಿದಿರಬೇಕು, ಅದರ ಮೇಲೆ ಕಬ್ಬಿಣದ ಮುಚ್ಚಳವನ್ನೋ ಕಲ್ಲನ್ನೋ ಒತ್ತಿಡಬೇಕು. ನೀರು ನುಗ್ಗಿದಾಗ ಹೋಸ್ ಹಾರಿಬಿಡುತ್ತದೆ. ಮೊದಲು ಬ್ಲ್ಯಾಕ್ ವಾಲ್ವ್ ಪೂರ್ತಿ ಎಳೆಯಿರಿ. ಅರೆಬರೆ ತೆರೆದರೆ ರಭಸ ಸಾಲದೆ ಗಟ್ಟಿ ಅಂಶ ಒಳಗೇ ಉಳಿಯುತ್ತದೆ. ಸದ್ದು ನಿಂತ ಮೇಲೆ ಒಳಗಿನಿಂದ ಒಂದೆರಡು ಬಕೆಟ್ ನೀರು ಕಕ್ಕಸಿಗೆ ಸುರಿದು ಮತ್ತೆ ಹರಿಯಬಿಡಿ. ಬ್ಲ್ಯಾಕ್ ಮುಚ್ಚಿ, ಗ್ರೇ ತೆರೆಯಿರಿ, ಸೋಪಿನ ನೀರು ಹೋಸನ್ನು ತೊಳೆಯುತ್ತಾ ಹೋಗುತ್ತದೆ. ಈ ಕಾರಣಕ್ಕೆ ಗ್ರೇ ಟ್ಯಾಂಕಿನಲ್ಲಿ ಒಂದಿಷ್ಟು ನೀರು ಯಾವಾಗಲೂ ಉಳಿಸಿಕೊಂಡೇ ಬರಬೇಕು. ವಾಲ್ವ್ ಪೂರ್ತಿ ಮುಚ್ಚದಿದ್ದರೆ ಬಾಗಿಲಿಗೆ ಕಾಗದ ಸಿಕ್ಕಿದೆ ಎಂದರ್ಥ. ಬಲ ಹಾಕಬೇಡಿ, ಮತ್ತೆ ತೆರೆದು ನೀರು ಹಾಯಿಸಿ ಮುಚ್ಚಿ. ಕೊನೆಗೆ ಗಾಡಿಯ ಕಡೆಯಿಂದ ಹೋಸ್ ಎತ್ತಿಕೊಂಡು ಗುಂಡಿಯ ಕಡೆಗೆ ಬಸಿದು, ತೊಳೆದು, ನೆಲಕ್ಕೆ ಚೆಲ್ಲಿದ್ದನ್ನೂ ತೊಳೆದು, ಖಾಲಿ ಬ್ಲ್ಯಾಕ್ ಟ್ಯಾಂಕಿಗೆ ಒಂದೆರಡು ಗ್ಯಾಲನ್ ನೀರು ಮತ್ತು ಟ್ಯಾಂಕ್ ಔಷಧಿ ಹಾಕಿ. ತಳದಲ್ಲಿ ನೀರಿಲ್ಲದಿದ್ದರೆ ಮುಂದಿನ ಸಲ ಬಿದ್ದದ್ದು ಅಲ್ಲೇ ಗುಡ್ಡೆ ಕಟ್ಟುತ್ತದೆ. ಫುಲ್ ಹುಕ್‌ಅಪ್ ಸೈಟಿನಲ್ಲಿ ಬ್ಲ್ಯಾಕ್ ವಾಲ್ವನ್ನು ತೆರೆದೇ ಬಿಡುವವರಿಗೂ ಇದೇ ಗತಿ, ನೀರೆಲ್ಲ ಹರಿದುಹೋಗಿ ಗಟ್ಟಿಯಾದದ್ದು ಕಲ್ಲಿನಂತೆ ಕೂರುತ್ತದೆ. ಖಾಲಿ ಮಾಡಿದ ಮೇಲೂ ಸೆನ್ಸರ್ ಪೂರ್ತಿ ತೋರಿಸಿದರೆ ಗಾಬರಿ ಬೇಡ, ಕಾಗದವೋ ಜಿಡ್ಡೋ ಅಂಟಿಕೊಂಡಿರುತ್ತದೆ.

ನೀರಿನ ವಿಷಯದಲ್ಲಿ ರಾಜಿ ಕೂಡದು. ಗುಂಡಿಯ ಪಕ್ಕದ ನಲ್ಲಿ ತೊಳೆಯುವುದಕ್ಕೆ ಮಾತ್ರ, ಅದರ ಬಾಯನ್ನು ಯಾರ್ಯಾರ ಹೋಸ್ ಮುಟ್ಟಿರುತ್ತದೋ. ಕುಡಿಯುವ ನೀರಿನ ನಲ್ಲಿ ಬೇರೆ ಇರುತ್ತದೆ, ಪೋಟಬಲ್ ಎಂಬ ಬೋರ್ಡ್ ಇದ್ದರೆ ಮಾತ್ರ ಹಿಡಿಯಿರಿ. ಎರಡಕ್ಕೂ ಬೇರೆ ಬಣ್ಣದ ಹೋಸ್, ಬೇರೆ ಡಬ್ಬಿ. ಗ್ಲೌಸ್ ಬಿಸಾಡಿ, ಕೈ ತೊಳೆದು, ಕುಡಿಯುವ ನೀರಿನ ನಲ್ಲಿಯ ಬಾಯನ್ನು ಬ್ಲೀಚ್ ನೀರಿನಲ್ಲಿ ಒರೆಸಿದ ಮೇಲೇ ಹೋಸ್ ಜೋಡಿಸಿ. ಹಿಂದೆ ಗಾಡಿಗಳು ನಿಂತಿದ್ದರೆ ಮುಂದೆ ಸರಿದು ನೀರು ತುಂಬಿಸಿಕೊಳ್ಳುವುದು ಮರ್ಯಾದೆ.

ಭಾನುವಾರ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದವರೆಗೆ ಕ್ಯಾಂಪ್‌ಗ್ರೌಂಡ್ ಡಂಪ್‌ಗಳ ಮುಂದೆ ಸಾಲು ಬೆಳೆಯುತ್ತದೆ. ನಾಲ್ಕು ಗಾಡಿ ಮುಂದಿದ್ದರೆ ಒಂದು ಗಂಟೆ ಅಲ್ಲೇ. ಅದಕ್ಕಾಗಿ ಶನಿವಾರ ಸಂಜೆಯೇ ಮುಗಿಸಿಕೊಳ್ಳಬಹುದು. ಇನ್ನು ಗಾಡಿ ವಾಪಸು ಕೊಡುವ ದಿನದ ಡಂಪನ್ನು ಯೋಜನೆಯ ಮೊದಲ ಸಾಲಿನಲ್ಲೇ ಬರೆದುಕೊಳ್ಳಿ. ಬಾಡಿಗೆ ಕಂಪನಿಗಳು ಖಾಲಿ ಮಾಡದ ಟ್ಯಾಂಕಿಗೆ ದಂಡ ಹಾಕುತ್ತವೆ, ಮೊತ್ತ ಕರಾರಿನಲ್ಲೇ ಇರುತ್ತದೆ. ದೊಡ್ಡ ಊರುಗಳ ಒಳಗೆ ಡಂಪ್ ಸಿಗುವುದು ಕಷ್ಟ. ಊರು ಸೇರುವ ಮುಂಚಿನ ಹೆದ್ದಾರಿ ಎಕ್ಸಿಟ್‌ನ ಟ್ರಕ್ ಸ್ಟಾಪಿನಲ್ಲೋ, ಕೊನೆಯ ರಾತ್ರಿ ತಂಗಿದ ಕ್ಯಾಂಪ್‌ಗ್ರೌಂಡಿನಲ್ಲೋ ಮುಗಿಸಿ, ರಸೀದಿ ಕೊಟ್ಟರೆ ಅದರ ಫೋಟೋ ಇಟ್ಟುಕೊಳ್ಳಿ.