ಎಸ್‌ಪಿ ರೋಡಲ್ಲಿ ತಗೊಂಡ ಟಾರ್ಚು, ವಿಸ್ಕಾನ್ಸಿನ್ ಕಾಡಲ್ಲಿ ಜಿಂಕೆ ಜಾಡು

ಟಾರ್ಚ್ ರಿವ್ಯೂ ಅಂದ್ರೆ ಎಲ್ರೂ ಲ್ಯುಮೆನ್ಸ್ (ಬೆಳಕಿನ ಪ್ರಮಾಣ) ಎಷ್ಟು, ಬೆಳಕು ಎಷ್ಟು ದೂರ ಹೋಗುತ್ತೆ ಅಂತಾನೇ ಬರೀತಾರೆ, ನಾನು ಬರೀಬೇಕಾಗಿರೋದು ಕೆಂಪು ಬಣ್ಣದ ಬಗ್ಗೆ. ಯಾಕಂದ್ರೆ ಇದನ್ನ ತಗೊಂಡಿದ್ದೇ ಬಾಣ ತಾಗಿ ಓಡಿದ ಜಿಂಕೆ ಎಲ್ಲಿ ಹೋಯ್ತು ಅಂತ ರಾತ್ರಿ ಹೊತ್ತು ತರಗೆಲೆ ಮೇಲೆ ಬಿದ್ದಿರೋ ರಕ್ತದ ಹನಿ ಹುಡುಕೋಕೆ.

ನಮ್ಮಕ್ಕ ಭಾವ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದಾರೆ. ಭಾವ ಅಲ್ಲಿ ಬಿಲ್ಲಲ್ಲಿ ಬೇಟೆ ಆಡೋದು ಕಲ್ತಿದಾರೆ, ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿ (1973ರ ಜನವರಿ 1ರಿಂದ ಈಚೆಗೆ ಹುಟ್ಟಿದವ್ರಿಗೆ ಅಲ್ಲಿ ಅದು ಬೇಕೇ ಬೇಕು), ಲೈಸೆನ್ಸ್ ತಗೊಂಡು, ಎಲ್ಲಾ ಸರಿಯಾಗಿ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಜಿಂಕೆ ಹೊಡೆದ್ರೆ ಜೈಲು, ಅದು ಹಾಗೇ ಇರ್ಲಿ ಅನ್ನೋನು ನಾನು. ಅಲ್ಲಿ ಬಿಳಿಬಾಲದ ಜಿಂಕೆ ಜೋಳದ ಹೊಲದ ಅಂಚಲ್ಲೇ ಓಡಾಡ್ಕೊಂಡಿರುತ್ತೆ, ಸೆಪ್ಟೆಂಬರ್ ಮಧ್ಯದಿಂದ ಜನವರಿವರೆಗೂ ಬಿಲ್ಲಿನ ಸೀಸನ್ನು. ಹೋದ ಸಲ ಫೋನಲ್ಲಿ ಭಾವ ತುಂಬಾ ಬೇಜಾರಲ್ಲಿ ಹೇಳಿದ್ರು, "ಅಷ್ಟು ಬೆಳಕಿದ್ರೂ ನೆಲ ಎಲ್ಲಾ ಬೂದಿ ಥರ ಕಾಣುತ್ತೆ ಕಣೋ, ರಕ್ತ ಯಾವ್ದು ಒದ್ದೆ ಎಲೆ ಯಾವ್ದು ಗೊತ್ತೇ ಆಗಲ್ಲ." ಅದಕ್ಕೇ ನಾನು ಅಲ್ಲಿಗೆ ಹೊರಡೋಕೆ ಮುಂಚೆ ಒಂದು ಶನಿವಾರ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿದ್ದು.

ಅಂಗಡಿ ಒಂದು ಗಲ್ಲಿ ಒಳಗಿದೆ, ಮೂರು ಜನ ನಿಂತ್ರೆ ಫುಲ್. ಮೊದ್ಲು ದೊಡ್ಡ ದೊಡ್ಡ ಲ್ಯುಮೆನ್ಸ್ ಬರೆದಿರೋ ಡಬ್ಬಗಳನ್ನೇ ತೋರಿಸಿದ್ರು, ಆಮೇಲೆ ಅಂಗಡಿಯವ್ರೇ ನಿಲ್ಸಿ "ಸಾರ್, ನೀವು ಇದ್ರಲ್ಲಿ ಏನ್ ನೋಡ್ಬೇಕು ಅದನ್ ಹೇಳಿ ಫಸ್ಟು" ಅಂದ್ರು. ಹೇಳ್ದೆ. ಅಂಗಡಿ ಲೈಟ್ ಆಫ್ ಮಾಡಿ ತಮ್ಮ ಅಂಗೈ ಚಾಚಿ ಒಂದಾದ ಮೇಲೆ ಒಂದು ಎರಡು ಟಾರ್ಚ್ ಬಿಟ್ರು. ಒಂದ್ರಲ್ಲಿ ಅಂಗೈ ಸುಣ್ಣ ಬಳಿದ ಹಾಗೆ, ಇನ್ನೊಂದ್ರಲ್ಲಿ ಜೀವ ಇರೋ ಕೈ ಥರ. ವಿಷಯ ಏನಂದ್ರೆ ಮಾಮೂಲಿ ಬಿಳಿ ಎಲ್‌ಇಡಿ ಒಳಗಿರೋದು ನೀಲಿ ಬೆಳಕು ಕೊಡೋ ಚಿಪ್, ಅದರ ಮೇಲೆ ಹಳದಿ ಫಾಸ್ಫರ್ ಲೇಪ, ಎರಡೂ ಸೇರಿ ಕಣ್ಣಿಗೆ ಬಿಳಿ ಅನ್ಸುತ್ತೆ, ಆದ್ರೆ ಕಡುಗೆಂಪು ಅದ್ರಲ್ಲಿ ತುಂಬಾ ಕಮ್ಮಿ. ಬೆಳಕಲ್ಲಿ ಕೆಂಪೇ ಇಲ್ದಿದ್ರೆ ರಕ್ತ ಕೆಂಪಗೆ ಎಲ್ಲಿಂದ ಕಾಣ್ಬೇಕು? ಬಣ್ಣ ಎಷ್ಟು ಸರಿಯಾಗಿ ಕಾಣುತ್ತೆ ಅಂತ ಡಬ್ಬದ ಮೇಲೆ ಬರೆಯೋ ಸಿಆರ್‌ಐ ಕೂಡ 8 ತಿಳಿ ಬಣ್ಣಗಳ ಸರಾಸರಿ ಅಷ್ಟೇ, ಕಡುಗೆಂಪಿಗೆ ಆರ್9 ಅಂತ ಬೇರೆ ನಂಬರ್ ಇದೆ, ಕೇಳ್ಬೇಕಾಗಿರೋದು ಅದನ್ನ. ನಾನು ತಗೊಂಡಿದ್ದು 4000 ಕೆಲ್ವಿನ್ (ನಂಬರ್ ಜಾಸ್ತಿ ಆದಷ್ಟೂ ಬೆಳಕು ನೀಲಿ ಕಡೆಗೆ), ಸಿಆರ್‌ಐ 90ರ ಮೇಲೆ, 18650 ಅನ್ನೋ ಚಾರ್ಜ್ ಮಾಡೋ ಲಿಥಿಯಂ ಸೆಲ್ಲು ಒಂದು, ಚಾರ್ಜರ್ ಸೇರಿ 2,350 ರೂಪಾಯಿ.

ಮನೇಲಿ ಟೆಸ್ಟ್ ಮಾಡ್ದೆ. ಅಮ್ಮನ ಹತ್ರ ಆರತಿಗೆ ಮಾಡೋ ಹಾಗೆ ಅರಿಶಿನಕ್ಕೆ ಸುಣ್ಣ ಹಾಕಿ ಓಕುಳಿ ಕಲಸಿಸ್ಕೊಂಡು, ಟೆರೇಸಲ್ಲಿ ಒಣಗಿದ ಹೊಂಗೆ ಎಲೆ ಹರಡಿ ಹನಿ ಹನಿ ಚಿಮುಕಿಸಿ, ಲೈಟ್ ಆರಿಸಿ ನೋಡ್ದೆ. ಹಳೇ 6500 ಕೆಲ್ವಿನ್ ಟಾರ್ಚಲ್ಲಿ ಎಲೇನೂ ಓಕುಳೀನೂ ಒಂದೇ ಕಂದು, ಹೊಸದ್ರಲ್ಲಿ ಪ್ರತಿ ಹನೀನೂ ಬೇರೆ. ಆವಾಗ್ಲೇ ಅರ್ಧ ದುಡ್ಡು ವಸೂಲಾಯ್ತು ಅನ್ಸಿತ್ತು.

ನಿಜವಾದ ಪರೀಕ್ಷೆ ನವೆಂಬರ್ ಮೊದಲ ವಾರ. ಗಂಡು ಜಿಂಕೆಗಳು ಹೆಣ್ಣಿನ ಹಿಂದೆ ಅಲೆಯೋ ಟೈಮು, ಹಗಲಲ್ಲೂ ಹೊರಗೆ ಬರ್ತವೆ. ಭಾವ 18 ಅಡಿ ಮೇಲೆ ಮರಕ್ಕೆ ಕಟ್ಟಿದ ಸ್ಟ್ಯಾಂಡಲ್ಲಿ, ಸೊಂಟಕ್ಕೆ ಎದೆಗೆ ಹಾರ್ನೆಸ್ ಕಟ್ಕೊಂಡು ಕೂತಿದ್ರು, ನಾನು ದೂರ ಗಾಡೀಲಿ. ಸಂಜೆ 4:40ಕ್ಕೆ ಮೆಸೇಜ್ ಬಂತು. 22 ಗಜ ದೂರದಲ್ಲಿ 8 ಕವಲು ಕೊಂಬಿನ ಗಂಡು, ಬಾಣ ಬಿಡೋ ಹೊತ್ತಿಗೆ ಬಿಲ್ಲಿನ ಹೆದೆ ಸದ್ದಿಗೆ ಮೈ ಕುಗ್ಗಿಸಿ ತಿರುಗಿಬಿಡ್ತಂತೆ, ಹಾಗಾಗಿ ಏಟು ಅಂದ್ಕೊಂಡಿದ್ದಕ್ಕಿಂತ ಹಿಂದಕ್ಕೆ ಬಿದ್ದಿದೆ. ಬಾಣ ಜಿಂಕೆ ಮೈ ತೂರಿ ಬಂದು ಅಲ್ಲೇ ನೆಲದಲ್ಲಿ ನಾಟಿತ್ತು. ಟಾರ್ಚಿನ ಮೊದಲ ಕೆಲಸ ಆ ಬಾಣದ ಮೇಲಿನ ರಕ್ತ ನೋಡಿ ಏಟು ಎಲ್ಲಿ ಬಿತ್ತು ಅಂತ ಓದೋದು: ತಿಳಿಗೆಂಪು, ನೊರೆ ನೊರೆ ಇದ್ರೆ ಶ್ವಾಸಕೋಶ, ಅರ್ಧ ಗಂಟೆ ಕಾದ್ರೆ ಸಾಕು, ಕಡುಗೆಂಪು, ಗುಳ್ಳೆ ಇಲ್ಲ ಅಂದ್ರೆ ಲಿವರ್, 4ರಿಂದ 6 ಗಂಟೆ, ಹಸಿರು ಬಣ್ಣ, ಗಬ್ಬು ವಾಸನೆ ಇದ್ರೆ ಹೊಟ್ಟೆ, 8ರಿಂದ 12 ಗಂಟೆ. ನಮ್ದು ಕಡುಗೆಂಪು. ಹಳೇ ಟಾರ್ಚಲ್ಲಿ ಅದು ಬರೀ ಕಪ್ಪಾಗಿ ಕಾಣ್ತು, ಹೊಟ್ಟೇದಾ ಲಿವರ್‌ದಾ ಅಂತ ಹೇಳೋಕಾಗ್ತಾ ಇರ್ಲಿಲ್ಲ, ಹೊಸದ್ರಲ್ಲಿ ಒಂದೇ ನೋಟಕ್ಕೆ ಗೊತ್ತಾಯ್ತು. ತಕ್ಷಣ ಹಿಂದೆ ಹೋಗ್ಬಾರ್ದು, ಗಾಯ ಆದದ್ದು ಹತ್ರದಲ್ಲೇ ಎಲ್ಲೋ ಮಲಗುತ್ತೆ, ನಾವು ಹೋಗಿ ಎಬ್ಬಿಸಿದ್ರೆ ಎಲ್ಲೆಲ್ಲೋ ಓಡಿ ಹೋಗಿ ನರಳಿ ಸಾಯುತ್ತೆ, ನಮಗೂ ಸಿಗಲ್ಲ. ಮನೆಗೆ ಬಂದ್ವಿ, ಅಕ್ಕ ಬಡಿಸಿದ ಅನ್ನ ಸಾರು ಭಾವಂಗೆ ಗಂಟಲಲ್ಲಿ ಇಳೀಲೇ ಇಲ್ಲ.

9:30ಕ್ಕೆ ಬಿಲ್ಲನ್ನ ಮನೇಲೇ ಬಿಟ್ಟು ವಾಪಸ್ ಹೋದ್ವಿ. ಟಾರ್ಚನ್ನ ತಲೆ ಎತ್ತರದಲ್ಲಿ ಅಲ್ಲ, ಮಂಡಿ ಹತ್ರ ಹಿಡಿದು ಓರೆಯಾಗಿ ಬಿಡ್ಬೇಕು, ಆಗ ಹಸಿ ಹನಿ ಮಿನುಗುತ್ತೆ. ಪ್ರತಿ ಹನಿ ಹತ್ರ ಒಂದು ಚೂರು ಟಾಯ್ಲೆಟ್ ಪೇಪರ್, ಹಿಂದೆ ತಿರುಗಿ ನೋಡಿದ್ರೆ ಹೋದ ದಿಕ್ಕು ಗೆರೆ ಎಳೆದ ಹಾಗೆ ಕಾಣುತ್ತೆ. ಅಲ್ಲಿ ಮೇಪಲ್ ಎಲೆಗಳ ಮೇಲೆ ಹುಟ್ಟಾ ಕೆಂಪು ಚುಕ್ಕೆ ಇರ್ತವೆ, ಅದ್ರಲ್ಲಿ ನಾನು ಎಷ್ಟು ಸಲ ಮೋಸ ಹೋದೆ! ಬೆರಳು ಒದ್ದೆ ಮಾಡಿ ಉಜ್ಜಿದ್ರೆ ರಕ್ತ ಬೆರಳಿಗೆ ಅಂಟುತ್ತೆ, ಚುಕ್ಕೆ ಅಂಟಲ್ಲ. ಬಿದ್ದ ಮರ ಒಂದರ ಹತ್ರ ಜಾಡು ಪೂರ್ತಿ ನಿಂತೋಯ್ತು. ನಾನು ಕೊನೇ ಹನಿ ಹತ್ರ ಅಲ್ಲಾಡದೆ ನಿಂತೆ, ಭಾವ ಸುತ್ತು ಹಾಕಿದ್ರು, ಇಪ್ಪತ್ತು ನಿಮಿಷ ಏನೂ ಇಲ್ಲ, ಚಳಿಗೆ ಕೈ ಮರಗಟ್ಟಿದೆ, ಇಬ್ರೂ ಮಾತಾಡ್ತಿಲ್ಲ. ನೆಲ ಬಿಟ್ಟು ಹುಲ್ಲಿನ ಮೇಲೆ ಬೆಳಕು ಬಿಟ್ಟಾಗ ಮಂಡಿ ಎತ್ತರದಲ್ಲಿ ಒಂದು ಕಡ್ಡಿ ಮೇಲೆ ಸವರಿದ ಹಾಗೆ ಕೆಂಪು. "ಭಾವಾ, ಇಲ್ಲಿ ಬನ್ನಿ" ಅಂತ ಕೂಗೋಕೂ ಸರಿಯಾಗಿ ದನಿ ಬರ್ಲಿಲ್ಲ. ಅಲ್ಲಿಂದ ಇಳಿಜಾರಲ್ಲಿ, ಹಳ್ಳದ ದಡದಲ್ಲಿ ಕಾಲು ಮಡಿಸ್ಕೊಂಡು ಮಲಗಿತ್ತು, ಯಾವಾಗ್ಲೋ ಪ್ರಾಣ ಹೋಗಿತ್ತು. ಭಾವ ಅದರ ಕುತ್ತಿಗೆ ಮೇಲೆ ಕೈ ಇಟ್ಟು ತುಂಬಾ ಹೊತ್ತು ಕೂತ್ಕೊಂಡ್ರು, ನಾನು ಟಾರ್ಚ್ ಆಫ್ ಮಾಡ್ದೆ. ಹೊಡೆದ ಜಿಂಕೇನ ಮಾರನೇ ದಿನ ಸಂಜೆ 5ರ ಒಳಗೆ ಸರ್ಕಾರದ ಲೆಕ್ಕಕ್ಕೆ ರಿಜಿಸ್ಟರ್ ಮಾಡ್ಬೇಕು, ಮಾಡಿದ್ರು. ಅಲ್ಲಿ ಜಿಂಕೆಗಳಲ್ಲಿ ಸಿಡಬ್ಲ್ಯುಡಿ ಅನ್ನೋ ಮಿದುಳಿನ ಕಾಯಿಲೆ 2002ರಲ್ಲಿ ಮೊದಲು ಸಿಕ್ಕಿದ್ದು, ಹಾಗಾಗಿ ಸ್ಯಾಂಪಲ್ ಕೊಟ್ಟು ರಿಸಲ್ಟ್ ಬರೋವರೆಗೂ ಮಾಂಸ ಮುಟ್ಲಿಲ್ಲ.

ಟಾರ್ಚಿನ ತೊಂದರೆಗಳೂ ಹೇಳ್ಬೇಕು. ಗ್ಲೌಸ್ ಹಾಕ್ಕೊಂಡ್ರೆ ಬಟನ್ ಸಿಗಲ್ಲ. ಬ್ಯಾಗಲ್ಲಿ ತಾನಾಗೇ ಆನ್ ಆಗುತ್ತೆ, ಹಿಂದಿನ ಮುಚ್ಚಳ ಅರ್ಧ ತಿರುಗು ಸಡಿಲ ಮಾಡಿಟ್ರೆ ಆನ್ ಆಗಲ್ಲ. ಮೀಡಿಯಂನಲ್ಲಿ 4 ಗಂಟೆ ಬರುತ್ತೆ ಅಂದಿದ್ರು, ಆ ಚಳೀಲಿ ನನಗೆ ಸಿಕ್ಕಿದ್ದು ಎರಡೂವರೆ, ಲಿಥಿಯಂ ಸೆಲ್ ತಣ್ಣಗಾದ್ರೆ ಹಾಗೇನೇ, ಸ್ಪೇರ್ ಸೆಲ್ಲನ್ನ ಜಾಕೆಟ್ ಒಳಜೇಬಲ್ಲಿ ಬೆಚ್ಚಗಿಟ್ಕೊಳ್ಳಿ. ವಿಮಾನದಲ್ಲಾದ್ರೆ ಸ್ಪೇರ್ ಸೆಲ್ ಕೈಚೀಲದಲ್ಲೇ ಇರ್ಬೇಕು, ಚೆಕ್‌ಇನ್ ಲಗೇಜಿಗೆ ಹಾಕೋ ಹಾಗಿಲ್ಲ. ದೂರಕ್ಕೆ ಬೆಳಕು ಬಿಡೋಕೆ ಇದು ಬೇಡ, ಹತ್ತು ಹದಿನೈದು ಅಡಿ ನೆಲ ನೋಡೋಕೆ ಮಾತ್ರ.

ಅಂಗಡಿಗೆ ಕಾರ್ ತಗೊಂಡ್ ಹೋಗ್ಲೇಬೇಡಿ, ಚಿಕ್ಕಪೇಟೆ ಮೆಟ್ರೋಲಿ ಇಳಿದು ನಡ್ಕೊಂಡ್ ಹೋಗಿ. ಬಿಲ್ ಕೇಳಿದ್ರೆ ಕೊಡ್ತಾರೆ, ಮುಖ ಗಂಟು ಹಾಕಲ್ಲ. ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಟಾರ್ಚ್ ಈಗ ಭಾವನ ಹತ್ರಾನೇ ಇದೆ, ವಾಪಸ್ ಕೇಳೋಕೆ ಮನಸ್ಸು ಬರ್ಲಿಲ್ಲ, ಈ ಶನಿವಾರ ಇನ್ನೊಂದು ತರೋಕೆ ಹೋಗ್ತಿದೀನಿ.